ಕಟಿಂಗ್ ಯಾರದ್ದು?

ತಲ್ಲೂರು ಪೇಟೆಯಲ್ಲಿ ಹೆದ್ದಾರಿ ಬಿಟ್ಟು ನೇರಳಕಟ್ಟೆ ಕಡೆಗೆ ಹೊರಳಿದರೆ ರಸ್ತೆ ಬದಿಯಲ್ಲಿ ನನ್ನ ಅತ್ತಿಗೆಯ ಟೈಲರಿಂಗ್ ಅಂಗಡಿ. ಸಣ್ಣ ಕೋಣೆ, ಎರಡು ಮಿಷನ್ನು, ಗೋಡೆಗೆ ಆನಿಸಿಟ್ಟ ಒಂದು ನಿಲುವುಗನ್ನಡಿ. ಇಪ್ಪತ್ತು ವರ್ಷಗಳಿಂದ ಅವರು ರವಿಕೆ ಹೊಲಿದು ಮುಗಿಸಿದಾಗಲೆಲ್ಲ ಕೊನೆಯ ನೂಲನ್ನು ಹಲ್ಲಿನಲ್ಲೇ ಕಡಿದವರು. ಕತ್ತರಿ ಪಕ್ಕದಲ್ಲೇ ಇರುತ್ತದೆ, ಆದರೆ ಎರಡೂ ಕೈ ಬಟ್ಟೆಯ ಮೇಲಿರುವಾಗ ಬಾಯಿಯೇ ಹತ್ತಿರ. ಅಳತೆ ತೆಗೆಯುವಾಗ ಗುಂಡುಸೂಜಿಗಳೂ ಅಲ್ಲೇ, ತುಟಿಗಳ ನಡುವೆ ಸಾಲಾಗಿ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನಾನು ಅಲ್ಲಿ ಕೂತಿದ್ದೆ. ಅತ್ತಿಗೆ ನೂಲನ್ನು ಬಾಯಿಗೆ ಒಯ್ದರು, ಕಡಿದರು, ಎಳೆದರು. ನೂಲು ತುಂಡಾಗಲಿಲ್ಲ. ಮತ್ತೊಮ್ಮೆ ಕಡಿದರು. ಆಗಲೂ ಇಲ್ಲ.

"ನೂಲ್ ತುಂಡಾತಿಲ್ಲೆ ಕಾಣ್, ಸಂದಿಯಂಗೇ ಹೋತ್" ಎಂದು ಕನ್ನಡಿಯ ಹತ್ತಿರ ಹೋಗಿ ತುಟಿ ಎತ್ತಿ ನೋಡಿಕೊಂಡರು. ಮೇಲಿನ ಎರಡು ಬಾಚಿ ಹಲ್ಲುಗಳ ನಡುವೆ ಮೊದಲಿಲ್ಲದ ಒಂದು ಸಂದು. ಎಡಗಡೆಯ ಹಲ್ಲು ತುಸು ಮುಂದಕ್ಕೆ ಬಂದು ತುಟಿಯ ಮೇಲೆ ಕೂತಿತ್ತು. ಅದೇ ಹಲ್ಲಿನ ಅಂಚಿನಲ್ಲಿ ನೂಲು ಕಡಿದು ಕಡಿದು ಬಿದ್ದ ಸಣ್ಣ ಕಚ್ಚು.

ಕ್ಲಿಪ್ಪು ಹಾಕಿಸುತ್ತೇನೆ ಎಂದು ಅವರು ಮನೆಯಲ್ಲಿ ಹೇಳಿದ್ದು ಅದಾದ ವಾರಕ್ಕೆ. ಅಮ್ಮನ ಮೊದಲ ಮಾತು ಬಂದದ್ದೇ ಹೀಗೆ: "ಮದಿ ಆಯಿ, ಮಕ್ಳ್ ದೊಡ್ಡಾದ್ಮೇಲೆ ಎಂತಕ್ಕೆ ಹಲ್ಲಿಗೆ ಕ್ಲಿಪ್ಪ್?" ಅಮ್ಮನ ತಲೆಮಾರಿನವರಿಗೆ ಕ್ಲಿಪ್ಪು ಎಂದರೆ ಹೈಸ್ಕೂಲು ಹುಡುಗಿಯರದ್ದು, ಗಂಡು ನೋಡಲು ಬರುವ ಮೊದಲು ಮುಗಿಯಬೇಕಾದ ಕೆಲಸ. ನಲವತ್ತೆರಡರ ಹೆಂಗಸು ತನ್ನ ಬಾಯಿಗಾಗಿ ಹಣ, ಸಮಯ ಎರಡನ್ನೂ ಖರ್ಚು ಮಾಡುತ್ತೇನೆ ಎಂದರೆ ಊರಿಗೆ ಅದೊಂದು ಶೋಕಿಯಾಗಿ ಕಾಣುತ್ತದೆ. ನನಗೆ ಹಾಗೆ ಕಾಣಲಿಲ್ಲ. ದಿನಕ್ಕೆ ಮೂವತ್ತು ಜನರ ಮುಖ ನೋಡಿ ಮಾತಾಡುವವರು ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳತೊಡಗಿದ್ದನ್ನು ನಾನು ನೋಡಿದ್ದೆ. ಹಲ್ಲನ್ನು ಸರಿಸಲು ವಯಸ್ಸಿನ ಗಡಿ ಇಲ್ಲ. ಅದು ಕೂತಿರುವ ಮೂಳೆಯೂ ವಸಡೂ ಗಟ್ಟಿಯಿದ್ದರೆ ಅರವತ್ತರಲ್ಲೂ ಸರಿಯುತ್ತದೆ. ಆ "ಇದ್ದರೆ" ಎಂಬಲ್ಲೇ ದೊಡ್ಡವರ ಕ್ಲಿಪ್ಪಿನ ಕಥೆ ಮಕ್ಕಳದ್ದಕ್ಕಿಂತ ಬೇರೆಯಾಗುತ್ತದೆ.

ಬೆಂಗಳೂರಿನಲ್ಲಿ ಓದುತ್ತಿರುವ ಅತ್ತಿಗೆಯ ಮಗಳು ಫೋನಿನಲ್ಲಿ ಒಂದು ಜಾಹೀರಾತು ಕಳಿಸಿದಳು. ತಂತಿಯೇ ಇಲ್ಲ, ಪಾರದರ್ಶಕ ಪ್ಲಾಸ್ಟಿಕ್ ಅಚ್ಚು, ಹದಿನೈದು ದಿನಕ್ಕೊಂದು ಬದಲಿಸಿದರಾಯಿತು. ಈ ಅಲೈನರ್ ಸುಳ್ಳು ವಸ್ತುವೇನಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಲೈನ್ ಟೆಕ್ನಾಲಜಿ ಕಂಪನಿ ಇನ್ವಿಸಲೈನ್ ಎಂಬ ಹೆಸರಿನಲ್ಲಿ ಅದನ್ನು ಲೋಕಕ್ಕೆಲ್ಲ ಪರಿಚಯಿಸಿತು. ಆರ್ಥೊಡಾಂಟಿಸ್ಟ್ ಎನ್ನುವ, ಹಲ್ಲು ಸರಿಸುವುದನ್ನೇ ಕಲಿತ ಒಳ್ಳೆಯ ತಜ್ಞರ ಕೈಯಲ್ಲಿ ಅದು ಒಳ್ಳೆಯ ಸಾಧನವೇ. ಆದರೆ ಡಾಕ್ಟರನ್ನು ಬದಿಗಿಟ್ಟು ನೇರವಾಗಿ ಮನೆಗೆ ಅಚ್ಚು ಕಳಿಸುವ ವ್ಯಾಪಾರದ ಗತಿ ಏನಾಯಿತೆಂದೂ ನೋಡಬೇಕು. ಅಮೆರಿಕದಲ್ಲಿ 2014ರಲ್ಲಿ ಹುಟ್ಟಿದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಜೀವಮಾನದ ಗ್ಯಾರಂಟಿ ಇನ್ನು ಇಲ್ಲ ಎಂದಿತು. ಕಂತು ಬಾಕಿ ಇದ್ದವರು ಮಾತ್ರ ಕಟ್ಟುತ್ತಲೇ ಇರಬೇಕು ಎಂದಿತು. ಅರ್ಧ ಸರಿದ ಹಲ್ಲುಗಳೊಂದಿಗೆ ಆ ಜನ ಯಾರ ಬಾಗಿಲು ತಟ್ಟಿರಬೇಕು?

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನನ್ನ ಪರಿಚಯದ ಒಬ್ಬ ಹುಡುಗಿ ಕೆಲಸಕ್ಕಿದ್ದ ಊರಿನಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕ್ಲಿಪ್ಪು ಹಾಕಿಸಿಕೊಂಡಿದ್ದಳು. ನಾಲ್ಕು ಹಲ್ಲು ಕಿತ್ತು, ತಂತಿ ಕಟ್ಟಿ, ಎಂಟು ತಿಂಗಳಾದ ಮೇಲೆ ಹೋಗಿ ನೋಡಿದರೆ ತಂತಿ ಕಟ್ಟುತ್ತಿದ್ದವರು ಬರುವುದನ್ನೇ ನಿಲ್ಲಿಸಿದ್ದರು. ಕ್ಲಿನಿಕ್ಕಿನವರು ಬೇರೆಯವರನ್ನು ಕರೆಸುತ್ತೇವೆ ಎಂದು ಹೇಳುತ್ತಾ ಹೋದರು. ಕೈಯಲ್ಲಿ ಒಂದು ಎಕ್ಸ್‌ರೇ ಇಲ್ಲ, ಏನು ಮಾಡಲು ಹೊರಟಿದ್ದರು ಎಂಬುದರ ಒಂದು ಚೀಟಿಯೂ ಇಲ್ಲ. ಕಿತ್ತ ಹಲ್ಲಿನ ಜಾಗ ಅರ್ಧ ಮುಚ್ಚಿ ಅರ್ಧ ತೆರೆದುಕೊಂಡೇ ಅವಳು ಊರಿಗೆ ಬಂದಳು. ಇನ್ನೊಬ್ಬ ತಜ್ಞರು ಆ ಕೆಲಸವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲಿಂದ ಎಲ್ಲ ಅಳತೆ ತೆಗೆಯಬೇಕಾಯಿತು. ಈ ಹುಡುಗಿಯ ಕಥೆ ಅತ್ತಿಗೆಗೂ ಗೊತ್ತಿತ್ತು.

ಹಾಗಾಗಿ ಅವರು ಮೊದಲು ಹೋದದ್ದು ಕುಂದಾಪುರದಲ್ಲಿ ಮಕ್ಕಳ ಹುಳುಕು ಹಲ್ಲು ತುಂಬಿಸಿದ್ದ, ಅಪ್ಪನಿಗೆ ಹಲ್ಲುಸೆಟ್ಟು ಮಾಡಿಕೊಟ್ಟಿದ್ದ ಡಾಕ್ಟರ ಬಳಿಗೆ. ನಾನೂ ಜೊತೆಗಿದ್ದೆ. ಶಾಸ್ತ್ರಿ ವೃತ್ತದಲ್ಲಿ ಬಸ್ಸಿಳಿದು ನಡೆಯುವಾಗ ಅತ್ತಿಗೆ ಹೇಳುತ್ತಿದ್ದುದು ಒಂದೇ: "ಅವ್ರೇ ಹಾಕ್ತ್ರಂದ್ರೆ ಹಾಕ್ಸ್ಕಂಬ, ಗುರ್ತದವ್ರ್ ಅಲ್ದಾ."

ಗುರುತಿನವರು ಎಂಬ ಈ ಮಾತು ನಮ್ಮ ಕಡೆ ಎಷ್ಟು ದೊಡ್ಡದು! ಡಾಕ್ಟರು ಏನು ಓದಿದ್ದಾರೆ ಎಂದು ಕೇಳುವುದು ಮರ್ಯಾದೆಯಲ್ಲ ಎಂದು ನಾವು ಬೆಳೆದವರು. ಬೋರ್ಡಿನಲ್ಲಿ ಹೆಸರಿನ ಮುಂದೆ ಇರುವ ಅಕ್ಷರಗಳನ್ನು ಓದುವುದೇ ಇಲ್ಲ. ಕರಾವಳಿಯಲ್ಲಿ ಹಲ್ಲಿನ ಡಾಕ್ಟರಿಗೆ ಬರವೂ ಇಲ್ಲ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು 1965ರಷ್ಟು ಹಳೆಯದು, ಮಂಗಳೂರಿನ ಸುತ್ತ ಇನ್ನೂ ಹಲವು ಇವೆ. ಹೀಗಾಗಿ ಸಣ್ಣ ಪೇಟೆಗಳಲ್ಲೂ ಒಂದೆರಡು ಹಲ್ಲಿನ ಕ್ಲಿನಿಕ್ಕು ಕಾಣುತ್ತವೆ. ಅದು ನಮ್ಮ ಭಾಗ್ಯ. ಆದರೆ ಎಲ್ಲರೂ ಒಂದೇ ಕೆಲಸ ಕಲಿತವರಲ್ಲ.

ಬಿಡಿಎಸ್ ಎಂದರೆ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಅದರಲ್ಲಿ ಹಲ್ಲು ತುಂಬುವುದು, ಕೀಳುವುದು, ರೂಟ್ ಕೆನಾಲು, ಸೆಟ್ಟು, ವಸಡು ಎಲ್ಲ ಬರುತ್ತದೆ. ವಕ್ರ ಹಲ್ಲಿನ ಪಾಠವೂ ಇದೆ. ತಂತಿ ಬಗ್ಗಿಸುವ ಅಭ್ಯಾಸ, ತೆಗೆದು ಹಾಕಬಹುದಾದ ಕ್ಲಿಪ್ಪುಗಳ ಕೆಲಸ ಅಲ್ಲಿ ಮುಖ್ಯ. ಹಲ್ಲಿಗೆ ಅಂಟಿಸಿ ಎರಡು ವರ್ಷ ನಡೆಸುವ ಚಿಕಿತ್ಸೆಯನ್ನು ಶುರುವಿನಿಂದ ಕೊನೆವರೆಗೆ ಒಬ್ಬ ರೋಗಿಯಲ್ಲಿ ನೋಡಿ ಕಲಿಯುವುದು ಅದಾದ ಮೇಲಿನ ಮೂರು ವರ್ಷದ ಎಂಡಿಎಸ್‌ನಲ್ಲಿ. ಎಂಡಿಎಸ್ ಎಂದು ಇದ್ದ ಮಾತ್ರಕ್ಕೂ ಆಗಲಿಲ್ಲ, ಅದರಲ್ಲಿ ಒಂಬತ್ತು ಶಾಖೆಗಳಿವೆ. ವಸಡಿನವರು ಬೇರೆ, ಮಕ್ಕಳ ಹಲ್ಲಿನವರು ಬೇರೆ, ದವಡೆ ಶಸ್ತ್ರಚಿಕಿತ್ಸೆಯವರು ಬೇರೆ. ಆರ್ಥೊಡಾಂಟಿಕ್ಸ್ ಎಂಬ ಶಬ್ದ ಜೊತೆಗಿದೆಯೇ ಎಂದು ನೋಡಬೇಕು. ಬಿಡಿಎಸ್ ಆದವರು ಕ್ಲಿಪ್ಪು ಹಾಕಬಾರದೆಂದು ಕಾನೂನು ಕಟ್ಟಿಹಾಕಿಲ್ಲ. ಹಲವರು ಹಾಕುತ್ತಾರೆ, ಆಮೇಲೆ ಶ್ರದ್ಧೆಯಿಂದ ಕಲಿತು ಚೆನ್ನಾಗಿ ಮಾಡುವವರೂ ಇದ್ದಾರೆ. ಅದಕ್ಕೇ ಕೇಳುವ ಹೊಣೆ ನಮ್ಮ ಮೇಲೆ ಬೀಳುವುದು.

ಡಾಕ್ಟರು ಅತ್ತಿಗೆಯ ಬಾಯಿ ನೋಡಿದರು. ಹಲ್ಲಿನ ಕಚ್ಚು ಕಂಡು "ಟೈಲರಿಂಗಾ?" ಎಂದು ಕೇಳಿದರು. ಅತ್ತಿಗೆ ಬೆರಗಾದರು. ಬಾಯಿಗೂ ಕಸುಬಿಗೂ ಇರುವ ನಂಟು ಓದಬಲ್ಲವರಿಗೆ ಕಾಣುತ್ತದೆ. ಆಮೇಲೆ ಅವರು ಮಿಲಿಮೀಟರಿನ ಗುರುತುಗಳಿದ್ದ ತೆಳು ಕಡ್ಡಿಯೊಂದನ್ನು ತೆಗೆದುಕೊಂಡು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾ ಸಹಾಯಕಿಗೆ ಅಂಕೆಗಳನ್ನು ಹೇಳುತ್ತಾ ಹೋದರು. ಎರಡು, ಮೂರು, ಎರಡು. ಮುಂದಿನ ಹಲ್ಲಿಗೆ ಬಂದಾಗ ಐದು, ಆರು, ಐದು. ಮೂರರ ತನಕ ಚಿಂತೆಯಿಲ್ಲ, ಅದರಾಚೆ ವಸಡು ಹಲ್ಲನ್ನು ಬಿಟ್ಟುಕೊಟ್ಟಿದೆ ಎಂದರ್ಥ. ಸಂದು ಬಿದ್ದದ್ದು ಸುಮ್ಮನೆ ಅಲ್ಲ. ಒಳಗೆ ಮೂಳೆ ಸವೆದಿದೆ, ಬುಡದ ಆಸರೆ ಕಡಿಮೆಯಾದ ಹಲ್ಲು ನಾಲಿಗೆ ತಳ್ಳಿದತ್ತ, ಕಡಿತ ಬಿದ್ದತ್ತ ಸರಿಯುತ್ತಿದೆ. ಇಪ್ಪತ್ತರಲ್ಲಿ ಇರದ ಸಂದು ನಲವತ್ತರಲ್ಲಿ ಕಂಡರೆ ಮೊದಲು ಕೇಳಬೇಕಾದದ್ದು ವಸಡನ್ನು.

"ಈಗಲೇ ತಂತಿ ಕಟ್ಟಿದರೆ ಹಲ್ಲು ಸಾಲಿಗೆ ಬರಬಹುದು. ಆದರೆ ಅಲ್ಲಾಡಿಕೊಂಡು ಬರುತ್ತದೆ" ಎಂದರು ಅವರು. ವಸಡು ಗುಣವಾಗಲಿ, ಸಕ್ಕರೆ ಪರೀಕ್ಷೆ ಮಾಡಿಸಿ, ಊಟವಾದ ಮೇಲಿನ ಎಲೆಅಡಿಕೆ ಬಿಡಿ, ಮತ್ತೆ ನೋಡೋಣ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ರೋಗ ಜೋರು. ಮೂಳೆ ಸವೆತಕ್ಕೆಂದು ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಹಲ್ಲಿನ ಚಲನೆಗೆ ಅಡ್ಡಿ. ಹಾಗಾಗಿ ಯಾವ ಮಾತ್ರೆ ನುಂಗುತ್ತಿದ್ದೇವೆ ಎಂದು ಪೂರ್ತಿ ಹೇಳಬೇಕು. ಆರ್ಥೊಡಾಂಟಿಸ್ಟ್ ಹತ್ತಿರ ನೇರ ಹೋಗಿದ್ದರೂ ಒಳ್ಳೆಯವರು ಇದನ್ನೇ ಹೇಳಿ ಹಿಂದೆ ಕಳಿಸುತ್ತಿದ್ದರು. ದೊಡ್ಡವರ ಬಾಯಲ್ಲಿ ಹಳೆಯ ಸಿಮೆಂಟು, ರೂಟ್ ಕೆನಾಲಿನ ಟೊಪ್ಪಿ, ಎಂದೋ ಕಿತ್ತ ದವಡೆ ಹಲ್ಲಿನ ಖಾಲಿ ಜಾಗ ಎಲ್ಲ ಇರುತ್ತದೆ. ಅದೆಲ್ಲದರ ಲೆಕ್ಕ ಗೊತ್ತಿರುವುದು ಊರಿನ ಡಾಕ್ಟರಿಗೆ. ಅವರನ್ನು ಬಿಟ್ಟು ಮುಂದೆ ಹೋಗುವುದು ಅಡಿಪಾಯ ನೋಡದೆ ಮಾಡು ಹೊದಿಸಿದ ಹಾಗೆ.

ಆದರೆ ವಸಡು ಸರಿಯಾದ ಮೇಲೆ? "ತಿಂಗಳಿಗೊಮ್ಮೆ ಆರ್ಥೊ ಡಾಕ್ಟರು ಇಲ್ಲಿಗೆ ಬರ್ತಾರೆ" ಎಂದರು. ಆಗ ಅತ್ತಿಗೆ ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಈಗಲೂ ಇದೆ.

"ಡಾಕ್ಟ್ರೇ, ಕಟಿಂಗ್ ಯಾರ್ ಮಾಡೂದ್?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅತ್ತಿಗೆ ಬಿಡಿಸಿ ಹೇಳಿದರು. ದೊಡ್ಡ ಅಂಗಡಿಗಳಲ್ಲಿ ಕಟಿಂಗ್ ಮಾಸ್ಟರು ಬೇರೆ, ಹೊಲಿಯುವವರು ಬೇರೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಗಿರಾಕಿಯ ಬೆನ್ನು ತುಸು ಬಾಗಿದೆಯೋ, ಒಂದು ಭುಜ ಇಳಿದಿದೆಯೋ ಎಂದು ನೋಡಿ ಚಾಕಿನಲ್ಲಿ ಗೆರೆ ಎಳೆಯುವವರು ಯಾರೋ ಅವರೇ ರವಿಕೆ ಹೊಲಿದವರು. ಮಿಷನ್ ತುಳಿದವರು ಆಮೇಲಿನವರು.

ಇಪ್ಪತ್ತು ವರ್ಷದ ಕಸುಬಿನಿಂದ ಬಂದ ಈ ಪ್ರಶ್ನೆಗಿಂತ ನೇರವಾದ ಪ್ರಶ್ನೆ ನನಗೆ ಇಂದಿಗೂ ಹೊಳೆದಿಲ್ಲ. ಬ್ರಾಕೆಟ್ಟು ಅಂಟಿಸುವುದು, ತಂತಿ ಕೂರಿಸುವುದು, ಬಣ್ಣದ ರಬ್ಬರು ಬದಲಿಸುವುದು ಹೊಲಿಗೆ. ಯಾವ ಹಲ್ಲನ್ನು ಎತ್ತ ಒಯ್ಯಬೇಕು, ಎಷ್ಟು ಬಲದಲ್ಲಿ, ಜಾಗಕ್ಕಾಗಿ ಹಲ್ಲು ಕೀಳಬೇಕೋ ಬೇಡವೋ, ಒಯ್ದ ಮೇಲೆ ಮೇಲ್ದವಡೆ ಕೆಳದವಡೆಗೆ ಹೇಗೆ ಕೂರಬೇಕು ಎಂಬುದು ಕಟಿಂಗು.

ಹಲ್ಲು ಮೂಳೆಗೆ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಮಿಲಿಮೀಟರಿನ ಕಾಲು ಭಾಗದಷ್ಟು ತೆಳುವಾದ ಒಂದು ನಾರಿನ ಪದರವಿದೆ. ತಂತಿ ತಳ್ಳಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಬೆಳೆಯುತ್ತದೆ, ಹೀಗೆ ಹಲ್ಲು ತನ್ನ ಗೂಡನ್ನೇ ಜೊತೆಗೆ ಕೊಂಡೊಯ್ಯುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರು. ಬೇಗ ಮುಗಿಸೋಣವೆಂದು ಬಲ ಹೆಚ್ಚು ಹಾಕಿದರೆ ಆ ಪದರಕ್ಕೆ ರಕ್ತ ಹರಿಯುವುದು ನಿಂತು ಹಲ್ಲು ಸರಿಯುವುದೇ ತಡವಾಗುತ್ತದೆ, ಕೆಲವರಲ್ಲಿ ಬೇರಿನ ತುದಿ ಸವೆದು ಗಿಡ್ಡವಾಗುತ್ತದೆ. ಮಕ್ಕಳಲ್ಲಿ ದವಡೆ ಬೆಳೆಯುತ್ತಿರುತ್ತದೆ, ಆ ಬೆಳವಣಿಗೆಯನ್ನು ಬಳಸಿಕೊಳ್ಳಬಹುದು. ದೊಡ್ಡವರಲ್ಲಿ ಅದು ಮುಗಿದಿದೆ. ಮೂಳೆ ಸವೆದವರಲ್ಲಂತೂ ಬಲವನ್ನು ಇನ್ನೂ ತಗ್ಗಿಸಬೇಕು. ಈ ಅಂದಾಜು ತಂತಿಯ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಹಲ್ಲು ಕೀಳುವ ಪ್ರಶ್ನೆಗೆ ನೂರು ವರ್ಷಗಳಿಗೂ ಹೆಚ್ಚಿನ ಜಗಳದ ಇತಿಹಾಸವಿದೆ. ಹಲ್ಲುಗಳ ಕೂಡುವಿಕೆಯನ್ನು 1899ರಲ್ಲಿ ವರ್ಗಗಳಾಗಿ ವಿಂಗಡಿಸಿ, ಮರುವರ್ಷ ಈ ವಿದ್ಯೆಗೇ ಮೀಸಲಾದ ಶಾಲೆ ತೆರೆದ ಅಮೆರಿಕದ ಎಡ್ವರ್ಡ್ ಆಂಗಲ್, ಒಂದು ಹಲ್ಲನ್ನೂ ಕೀಳಬಾರದು ಎಂದು ಹಟ ಹಿಡಿದವರು. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ದಾರಿಯಲ್ಲೇ ನಡೆದು, ತಾನು ಸರಿಮಾಡಿದ ಹಲ್ಲುಗಳು ಮತ್ತೆ ಮುಂದಕ್ಕೆ ಉಬ್ಬಿ ಬಂದದ್ದನ್ನು ಕಂಡರು. ಹಳೆಯ ರೋಗಿಗಳನ್ನು ವಾಪಸು ಕರೆದು, ಹಣ ತೆಗೆದುಕೊಳ್ಳದೆ, ಈ ಸಲ ಕೋರೆಹಲ್ಲಿನ ಹಿಂದಿನ ಹಲ್ಲುಗಳನ್ನು ಕಿತ್ತು ಮತ್ತೆ ಚಿಕಿತ್ಸೆ ಮಾಡಿದರು. 1940ರಲ್ಲಿ ತಮ್ಮ ಸಹೋದ್ಯೋಗಿಗಳ ಮುಂದೆ ನೂರು ರೋಗಿಗಳ ದಾಖಲೆ ಇಟ್ಟರು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಅವರು ಹಳೆಯ ರೋಗಿಗಳನ್ನು ವಾಪಸು ಕರೆದದ್ದು. ಇಂದಿಗೂ ಕೀಳಬೇಕೆನ್ನುವವರು, ಬೇಡವೆನ್ನುವವರು ಇಬ್ಬರೂ ತಜ್ಞರಲ್ಲೇ ಇದ್ದಾರೆ. ಗಟ್ಟಿಯಾದ ನಾಲ್ಕು ಹಲ್ಲನ್ನು ಕೀಳಬೇಕೆಂದು ಹೇಳಿದಾಗ ಯಾಕೆ ಎಂದು ಕೇಳುವುದೂ, ಇನ್ನೊಬ್ಬರ ಬಳಿ ತೋರಿಸುವುದೂ ಅವಮರ್ಯಾದೆಯಲ್ಲ. ಕಿತ್ತ ಹಲ್ಲನ್ನು ಯಾರೂ ವಾಪಸು ನೆಡಲಾರರು.

ಕುಂದಾಪುರದ ಡಾಕ್ಟರು ಅತ್ತಿಗೆಯ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಕಟಿಂಗು ಆರ್ಥೊ ಡಾಕ್ಟರದ್ದು. ತಂತಿ ಬದಲಿಸುವುದೂ ಅವರೇ. ಅವರು ಬಾರದ ದಿನ ತಂತಿ ಕೆನ್ನೆಗೆ ಚುಚ್ಚಿದರೆ, ಬ್ರಾಕೆಟ್ಟು ಕಳಚಿದರೆ, ವಸಡು ಬಾತರೆ ನಾನಿದ್ದೇನೆ. ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ನನ್ನ ಜವಾಬ್ದಾರಿ. "ನಾನೇ ಹಾಕಬಹುದಿತ್ತು. ಮುಂದಿನ ಹಲ್ಲು ಅರ್ಧ ಮಿಲಿಮೀಟರು ಸೊಟ್ಟ ಇದ್ದು ಮೂಳೆ ಚೆನ್ನಾಗಿದ್ದಿದ್ದರೆ ಯೋಚನೆ ಮಾಡುತ್ತಿದ್ದೆ. ನಿಮ್ಮದು ಹಾಗಿಲ್ಲ" ಎಂದೂ ಹೇಳಿದರು. ಬರುವ ಗಿರಾಕಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಈ ಮಾತಿನಿಂದ ನನಗೆ ಅವರ ಮೇಲಿದ್ದ ಗೌರವ ಹೆಚ್ಚಾಯಿತು.

ಇನ್ನೊಂದು ದಾರಿಯೂ ಇತ್ತು. ಮಣಿಪಾಲ ಕುಂದಾಪುರದಿಂದ ನಲವತ್ತು ಕಿಲೋಮೀಟರಿನ ಸುಮಾರು. ಕಾಲೇಜು ಆಸ್ಪತ್ರೆಗಳಲ್ಲಿ ಎಂಡಿಎಸ್ ಓದುತ್ತಿರುವವರು ಪ್ರೊಫೆಸರುಗಳ ಕಣ್ಣೆದುರು ಕೆಲಸ ಮಾಡುತ್ತಾರೆ. ವಸಡಿನವರು, ಶಸ್ತ್ರಚಿಕಿತ್ಸೆಯವರು ಎಲ್ಲ ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಖರ್ಚೂ ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ. ಆದರೆ ಪ್ರತಿ ಸಲಕ್ಕೂ ಒಂದು ದಿನ ಪೂರ್ತಿ ಹೋಗುತ್ತದೆ, ಓದು ಮುಗಿಸಿದ ವಿದ್ಯಾರ್ಥಿ ಹೊರಟಾಗ ನಡುವೆ ಕೈ ಬದಲಾಗುವುದೂ ಇದೆ. ದವಡೆಯೇ ಹಿಂದುಮುಂದಾಗಿ ಶಸ್ತ್ರಚಿಕಿತ್ಸೆ ಬೇಕಾಗುವಂಥವರಿಗೆ ನಾನು ಎರಡನೆಯ ಮಾತಿಲ್ಲದೆ ಅಲ್ಲಿಗೇ ಹೋಗಿ ಎನ್ನುತ್ತೇನೆ. ಮದುವೆ ಸೀಸನ್ನಿನಲ್ಲಿ ಒಂದು ದಿನ ಅಂಗಡಿ ಮುಚ್ಚಿದರೆ ಹತ್ತು ರವಿಕೆ ಹಿಂದೆ ಬೀಳುವ ಅತ್ತಿಗೆಗೆ ಕುಂದಾಪುರವೇ ಸರಿ ಅನ್ನಿಸಿತು.

ವಸಡಿಗೇ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಆರ್ಥೊ ಡಾಕ್ಟರು ಎರಡು ಬಗೆಯ ಎಕ್ಸ್‌ರೇ ತೆಗೆಸಿದರು, ಎಲ್ಲ ಹಲ್ಲುಗಳದ್ದೊಂದು, ಮುಖದ ಪಕ್ಕದ್ದೊಂದು. ಹಲ್ಲಿನ ಅಚ್ಚು ತೆಗೆದರು, ಫೋಟೋ ತೆಗೆದರು. ಕಂಪ್ಯೂಟರಿನಲ್ಲಿ ಆ ಪಕ್ಕದ ಎಕ್ಸ್‌ರೇಯ ಮೇಲೆ ಅವರು ಗೆರೆಗಳನ್ನು ಎಳೆದು ಕೋನ ಅಳೆಯುತ್ತಿದ್ದಾಗ ಅತ್ತಿಗೆ ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದರು. ಚಾಕಿನ ಗೆರೆ ಬೀಳುತ್ತಿರುವುದು ಅವರಿಗೆ ತಿಳಿಯಿತು. ಹಲ್ಲು ಕೀಳುವುದು ಬೇಡ, ಇರುವ ಸಂದುಗಳಲ್ಲೇ ಮುಂದೆ ಬಂದದ್ದನ್ನು ಹಿಂದಕ್ಕೆ ಒಯ್ಯಬಹುದು. ಹದಿನೆಂಟು ತಿಂಗಳು ಬೇಕಾಗಬಹುದು. ಮುಗಿದ ಮೇಲೆ ಹಲ್ಲುಗಳ ಹಿಂಬದಿಗೆ ಅಂಟಿಸುವ ಸಣ್ಣ ತಂತಿ ಮಾತ್ರ ಕಾಯಂ. ಮೂಳೆ ಕಡಿಮೆಯಿರುವ ಹಲ್ಲು ಬಿಟ್ಟರೆ ಮತ್ತೆ ಹೊರಡುತ್ತದೆ. ಇದಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಎಷ್ಟು ಹಣ, ಯಾವಾಗ ಎಷ್ಟು ಕಟ್ಟಬೇಕು ಎಂಬುದನ್ನೂ ಸೇರಿಸಿ ಕೊಟ್ಟರು.

"ನೀವು ಬಪ್ಪುದ್ ನಿಲ್ಸಿರೆ?" ಎಂದು ಅತ್ತಿಗೆ ಕೇಳಿದರು. ಆ ಹುಡುಗಿಯ ಬಾಯಿ ಅವರ ಕಣ್ಣ ಮುಂದಿತ್ತು.

ಡಾಕ್ಟರು ಬೇಸರಿಸಿಕೊಳ್ಳಲಿಲ್ಲ. ಎಕ್ಸ್‌ರೇ, ಫೋಟೋ, ಬರೆದ ಹಾಳೆ ಎಲ್ಲದರ ಪ್ರತಿ ನಿಮ್ಮ ಹತ್ತಿರವೇ ಇರಲಿ, ನಾನಿಲ್ಲದಿದ್ದರೂ ಇದನ್ನು ನೋಡಿ ಇನ್ನೊಬ್ಬ ಆರ್ಥೊಡಾಂಟಿಸ್ಟ್ ಕೆಲಸ ಮುಂದುವರಿಸಬಹುದು ಎಂದರು. ಅಂಗಡಿಯಲ್ಲಿ ಗಿರಾಕಿಗಳ ಅಳತೆ ಪುಸ್ತಕ ಇಡುವ ಕಪಾಟಿನಲ್ಲೇ ಆ ಲಕೋಟೆ ಈಗ ಇದೆ.

ಮೊದಲ ವಾರ ಗಂಜಿಯೇ ಗತಿಯಾಯಿತು. ಚಕ್ಕುಲಿ, ಹಲಸಿನ ಹಪ್ಪಳ, ಕೋಳಿ ಸಾರಿನ ಜೊತೆಯ ಒಣರೊಟ್ಟಿ ಎಲ್ಲಕ್ಕೂ ರಜೆ. ನೆನೆಸಿ ಮೆತ್ತಗಾದ ರೊಟ್ಟಿ ತಿನ್ನಬಹುದೆಂದು ಆಮೇಲೆ ಗೊತ್ತಾಯಿತು. ಅಮ್ಮ ಒಂದು ಮಾತೂ ಆಡದೆ ನೀರುದೋಸೆ ಹೊಯ್ದು ಹೊಯ್ದು ಹಾಕಿದರು.

ಮೊನ್ನೆ ಅಂಗಡಿಗೆ ಹೋಗಿದ್ದೆ. ಮುಗಿದ ರವಿಕೆಯನ್ನು ಅತ್ತಿಗೆ ಮಿಷನ್ನಿನಿಂದ ಎಳೆದು ತೆಗೆದರು. ನೂಲು ಹಿಡಿದ ಕೈ ತಾನಾಗಿ ಬಾಯಿಯವರೆಗೆ ಹೋಯಿತು, ತುಟಿಗೆ ತಂತಿ ತಾಗಿದಲ್ಲಿ ನಿಂತಿತು. ಕೊರಳಲ್ಲಿ ಕೆಂಪು ನೂಲಿಗೆ ಕಟ್ಟಿ ನೇತುಹಾಕಿಕೊಂಡಿದ್ದ ಪುಟ್ಟ ಕಟ್ಟರನ್ನು ಇನ್ನೊಂದು ಕೈ ಹುಡುಕಿ ಹಿಡಿಯಿತು. ನೂಲು ಟಕ್ಕೆಂದು ತುಂಡಾಯಿತು. ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ "ಆಯ್ತ್ ಕಾಣಿ, ಹಾಕಿ ಕಾಣಿ" ಎಂದು ರವಿಕೆ ಕೊಟ್ಟು ನಕ್ಕರು. ಸೆರಗು ಸೊಂಟಕ್ಕೆ ಸಿಕ್ಕಿಸಿದಲ್ಲೇ ಇತ್ತು.